ಒಂದು ರೂಪಾಯಿಯ ಬೋಣಿಗೆ

ಇಳಕಲ್ಲಿನ ತನ್ನ ಸೀರೆ ಅಂಗಡಿಯ ಗಾದಿಯಲ್ಲಿ ಮುಂದೆ ಯಾರು ಕೂಡಬೇಕೆಂಬುದನ್ನು ಅಮಾತೆಪ್ಪ ಕಂಪ್ಯೂಟರ್ ಆಟಕ್ಕೆ ಬಿಟ್ಟಿದ್ದ. ಮಗ ವಿಜಯಮಹಾಂತೇಶ, ಮಗಳು ದಾನೇಶ್ವರಿ ಅದಕ್ಕಾಗಿ ಗಿರಾಕಿಗಳ ಮುಂದೆಯೇ ಕಿತ್ತಾಡುತ್ತಿದ್ದರು. ಇಬ್ಬರಿಗೂ ಗೊತ್ತಿದ್ದ ಆಟ ಅದು. ತೆರೆಯ ಮೇಲೆ ಕಂಪನಿ ಕಟ್ಟಬೇಕು, ಕಾರ್ಖಾನೆ ಹಾಕಬೇಕು, ಎದುರಾಳಿಯ ಕಂಪನಿಯನ್ನು ನುಂಗಬೇಕು.

“ಯಾರ ಕಂಪನಿ ಉಳಿತೈತಿ, ಗಾದಿ ಅವರದು. ಸೋತವರು ಬ್ಯಾರೆ ಕೆಲಸ ನೋಡ್ಕೋರಿ” ಎಂದಿದ್ದ ಅಮಾತೆಪ್ಪ.

ಯುಗಾದಿಯ ಹೊತ್ತಿಗೆ ಅಣ್ಣನ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು.

“ನಿಂದು ಹಳೇ ಬಾಗಲಕೋಟಿ ಆಗೇತಿ ನೋಡಣ್ಣಾ. ಬರೇ ಮಾಳಗಿ ಕಾಣತಾವ, ಉಳಿದದ್ದೆಲ್ಲಾ ಡ್ಯಾಮಿನ ನೀರಾಗ” ಎಂದಳು ದಾನೇಶ್ವರಿ.

“ನಗು, ನಗು. ಅಳಾಕ ಒಂಚೂರು ಕಣ್ಣೀರು ಉಳಿಸ್ಕೋ.”

ಮರುದಿನ ಬೆಳಿಗ್ಗೆ ಮೂವರೂ ಪಡಸಾಲೆಯಲ್ಲಿದ್ದರು. ಅಣ್ಣ ಕೆಮ್ಮುವುದನ್ನು ಕೇಳಿ ದಾನೇಶ್ವರಿ ಶುಂಠಿ ಚಹಾ ಕಾಸಲು ಒಳಗೆ ಹೋದಳು. ಅವಳು ಎದ್ದದ್ದೇ ತಡ, ವಿಜಯಮಹಾಂತೇಶ ತನ್ನ ಲ್ಯಾಪ್‌ಟಾಪಿನಿಂದ ಅವಳ ಕಂಪನಿಯನ್ನು ಒಂದು ರೂಪಾಯಿಗೆ ಕೇಳಿದ.

“ಅಪ್ಪಾ, ಆಟದಾಗ ತಂಗಿಗೆ ಇವತ್ತಿನ ಮೊದಲ ಗಿರಾಕಿ ಬಂದಾನ. ತಿರಗಿ ಕಳಸ್ಲೇನು?”

“ಬೋಣಿಗಿ ಹೊತ್ತಿನ್ಯಾಗ ಒಲ್ಲೆ ಅಂತಾರೇನಲೇ?”

ಬೆಳಗಿನ ಮೊದಲ ಗಿರಾಕಿ ಎಷ್ಟೇ ಕಡಿಮೆಗೆ ಕೇಳಲಿ, ಬರಿಗೈಯಲ್ಲಿ ಕಳಿಸಬಾರದೆಂಬುದು ಆ ಅಂಗಡಿಯ ವ್ರತ. ಮಗಳ ಲ್ಯಾಪ್‌ಟಾಪಿನಲ್ಲಿ ಮಗ ತೋರಿಸಿದ ಗುಂಡಿಯನ್ನು ಅಮಾತೆಪ್ಪ ಒತ್ತಿದ. ಆಟದ ಒಂದು ಸೀರೆ ಹೋಯಿತೆಂದುಕೊಂಡ. ಹೋದದ್ದು ಇಡೀ ಕಂಪನಿ.

ಚಹಾ ತಂದ ದಾನೇಶ್ವರಿ ತೆರೆ ನೋಡಿ ನಿಂತುಬಿಟ್ಟಳು. “ಥೂ ನಿನ್ನ! ಅಪ್ಪನ ಕೈಲೇನ ನನ್ನ ಕುತ್ತಿಗಿ ಕೊಯ್ಸಿದಿ?”

“ವ್ಯಾಪಾರ ಅಂದ್ರ ಹಿಂಗ, ತಂಗೀ” ಎಂದು ಅವನು ಅವಳದೇ ಚಹಾ ಕುಡಿದ.

ಅಮಾತೆಪ್ಪನಿಗೆ ಮಗಳ ಮುಖ ನೋಡಲಾಗಲಿಲ್ಲ. “ಕೊಟ್ಟ ಮಾತು ಕೊಟ್ಟಂಗ” ಎಂದಷ್ಟೇ ಅಂದ.

ಮಾರನೆಯ ದಿನ ವಿಜಯಮಹಾಂತೇಶ ಗಾದಿಯೇರಿದ. ಅಮಾತೆಪ್ಪ ಪಕ್ಕದಲ್ಲಿ ಸೀರೆ ಮಡಚುತ್ತಿದ್ದ. ಮೊದಲು ಮೆಟ್ಟಿಲು ಹತ್ತಿದವಳು ದಾನೇಶ್ವರಿ. ಅಣ್ಣನ ಮುಂದೆ ಒಂದು ರೂಪಾಯಿ ಇಟ್ಟಳು.

“ಬೋಣಿಗಿ ಮಾಡ್ರಿ, ಸಾವ್ಕಾರ್ರ. ಈ ಗಾದಿ ಬೇಕಾಗಿತ್ತು.”

“ಹುಚ್ಚು ಹಿಡದೈತೇನು? ಅದು ಆಟ. ಇದು ಅಂಗಡಿ.”

“ಆಟದಾಗ ಬೋಣಿಗಿ ನಡೀತೈತಿ, ಅಂಗಡ್ಯಾಗ ನಡಿಯಂಗಿಲ್ಲೇನು?”

“ಕೊಡಂಗಿಲ್ಲ. ನಡಿ ಹೊರಗ!” ನಾಣ್ಯ ಬೀದಿಗೆ ಹಾರಿತು.

ಅಮಾತೆಪ್ಪನ ಕೈ ನಿಂತಿತು. “ನಮ್ಮ ಅಪ್ಪನ ಕಾಲದಿಂದ ಮೊದಲ ಗಿರಾಕಿನ್ನ ಯಾರೂ ಹೊರಗ ಹಾಕಿಲ್ಲ. ಏಳು.”

“ಅಪ್ಪಾ, ಮಾತು ಕೊಟ್ಟೀದಿ…”

“ಗಾದಿ ಕೊಟ್ಟಿದ್ದೆ. ಅದರ ಮ್ಯಾಲ ಕೂತು ಬೋಣಿಗಿ ಮುರದಿ. ಏಳಲೇ.”

ಎದ್ದವನಿಗೆ ಕೆಮ್ಮು ಒತ್ತಿಬಂತು. ದಾನೇಶ್ವರಿ ನೀರಿನ ತಂಬಿಗೆಯನ್ನು ಅವನತ್ತ ಸರಿಸಿದಳು. ಅವನು ಅದನ್ನು ಒದ್ದು ಬೀದಿಗಿಳಿದ.

ನೀರು ಸೀರೆಗಳತ್ತ ಹರಿಯಿತು. ಅಮಾತೆಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಅಡ್ಡ ಹಾಸಿದ. ಮಗಳು ಒದ್ದೆ ಕಾಲಲ್ಲಿ ಹೋಗಿ ಬೀದಿಯ ನಾಣ್ಯ ಹೆಕ್ಕಿ ತಂದು, ಬೋಣಿಗೆಯೆಂದು ಅಪ್ಪನ ಕೈಗಿಟ್ಟಳು.