ಹರಿದ ಜಾಕೆಟ್ಟಿನ ಅಮ್ಮ

ಮಗಳು ನನ್ನನ್ನು ಕೇಳಿದ್ದು ಒಂದು ಗುಂಡಿ ಹಾಕಿಕೊಡು ಅಂತ ಮಾತ್ರ.

"ಅಮ್ಮ, ಈ ಜಾಕೆಟ್ಟಿಂದು ಮೇಲಿನ ಗುಂಡಿ ಬಿದ್ದುಹೋಗಿದೆ. ನಾಳೆ ಕೊನೇ ದಿನದ ಶೂಟಿಂಗು. ಹಾಕಿ ಇಟ್ಟಿರ್ತೀಯಾ?" ಎಂದು ಒಂದು ಚೀಲವನ್ನು ನನ್ನ ಹೊಲಿಗೆ ಮಷೀನಿನ ಪಕ್ಕಕ್ಕಿಟ್ಟಳು. ನಾನು ಹೂಂ ಅನ್ನುವುದರೊಳಗೆ ಫೋನನ್ನು ಕಿವಿಗೊತ್ತಿಕೊಂಡು ಹೊರಟೇಹೋದಳು. ಅವಳಿಗೆ ಅದು ಹೋಗುತ್ತಾ ಬಿಸಾಕಿದ ಒಂದು ಮಾತು. ನನಗೋ, ಕೈಯಲ್ಲಿದ್ದ ಪ್ಯಾಂಟಿನ ಅಂಚನ್ನು ಎಲ್ಲಿಗೆ ಮಡಚುತ್ತಿದ್ದೆ ಅನ್ನುವುದೇ ಮರೆತುಹೋಯಿತು.

ಮನೆಯ ಮುಂದಿನ ಕೋಣೆಯಲ್ಲೇ ನನ್ನದು ಆಲ್ಟರೇಶನ್ ಅಂಗಡಿ. ಹೊಸದು ಹೊಲಿಯುವುದಿಲ್ಲ, ಇದ್ದದ್ದನ್ನು ಸರಿಮಾಡುತ್ತೇನೆ. ಜಿಪ್ಪು ಕಿತ್ತವರು, ಅಣ್ಣನ ಪ್ಯಾಂಟನ್ನು ತಮ್ಮನಿಗೆ ಇಳಿಸುವವರು, ತಾವು ದಪ್ಪಗಾಗಿ "ಬಟ್ಟೆ ಕುಗ್ಗಿಬಿಟ್ಟಿದೆ ನೋಡಿ" ಎನ್ನುವವರು, ಎಲ್ಲರೂ ಬರುತ್ತಾರೆ. ಮಗಳು ಮಾತ್ರ ಬರುವುದಿಲ್ಲ. ತನ್ನ ಹರಿದದ್ದನ್ನು ಅವಳು ಹರಿದ ಹಾಗೇ ಹಾಕಿಕೊಳ್ಳುತ್ತಾಳೆ.

ಅವಳು ಮತ್ತು ಅವಳ ಗೆಳೆಯರು ಸೇರಿ ಒಂದು ಸಿನಿಮಾ ಮಾಡುತ್ತಿದ್ದರು. ನೆಲಮಾಳಿಗೆಗಳಲ್ಲಿ ರಾಕ್ ಸಂಗೀತ ನುಡಿಸುವ ಹುಡುಗ ಹುಡುಗಿಯರ ಕಥೆ. ಇವರ ಹಾಡನ್ನು ದುಡ್ಡು ಕೊಟ್ಟು ಕೇಳುವವರು ಯಾರೂ ಇಲ್ಲ, ಬೇಡವೆಂದರೂ ಕೇಳಿಸಿಕೊಳ್ಳಬೇಕಾದ ಮೇಲಿನ ಮನೆಯವರು ಮಾತ್ರ ಇದ್ದಾರೆ. ಸಿನಿಮಾದ ಹೆಸರೂ ಆ ಮೇಲಿನ ಮನೆಯವರದ್ದೇ ಕೂಗು: "ಸೌಂಡ್ ಕಮ್ಮಿ ಮಾಡ್ರೋ". ಪೂರಾ ನಗೆಯ ಸಿನಿಮಾವಂತೆ. ಕಥೆ ಏನೇ ಅಂತ ಒಮ್ಮೆ ಕೇಳಿದ್ದೆ. "ಅದು ನಿಂಗೆ ಗೊತ್ತಾಗಲ್ಲಮ್ಮ, ಬಿಡು" ಅಂದಿದ್ದಳು, ಬೇಸರದಿಂದಲ್ಲ, ಬಹಳ ಮೆತ್ತಗೆ. ಮೆತ್ತಗೆ ಹೇಳಿದ್ದಕ್ಕೇ ಅದು ಆಳಕ್ಕಿಳಿದಿತ್ತು.

ಗೊತ್ತಾಗುತ್ತಿತ್ತೋ ಇಲ್ಲವೋ. ಅವಳ ಕೋಣೆಯ ಗೋಡೆ ದಾಟಿ ಡುಗುಡುಗು ಅಂತ ಬರುತ್ತಿದ್ದ ಸದ್ದಿಗೆ ನನ್ನ ಕಾಲು ತಾನಾಗಿಯೇ ಮಷೀನು ತುಳಿಯುತ್ತಿತ್ತು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಊಟವಾದ ಮೇಲೆ ಚೀಲ ಬಿಚ್ಚಿದೆ. ಅಯ್ಯೋ! ಅದು ಜಾಕೆಟ್ಟೋ ಜಾಲರಿಯೋ? ಕಪ್ಪು ಜೀನ್ಸ್ ಬಟ್ಟೆ. ಎರಡೂ ಮೊಣಕೈ ಬಾಯಿ ಬಿಟ್ಟಿದ್ದವು. ಭುಜ ಸೀಳಿತ್ತು, ಬೆನ್ನಿನಲ್ಲಿ ಅಂಗೈ ತೂರುವಷ್ಟು ತೂತು, ಜೇಬು ಒಂದೇ ಎಳೆಗೆ ನೇತಾಡುತ್ತಿತ್ತು. ಅಲ್ಲಲ್ಲಿ ಸೇಫ್ಟಿ ಪಿನ್ನು ಚುಚ್ಚಿಕೊಂಡು ಮಾನ ಉಳಿಸಿಕೊಂಡಿತ್ತು. ಯಾರ ಮಗನದೋ ಪಾಪ. ಹೊಲಿದುಕೊಡುವವರು ಯಾರೂ ಇಲ್ಲವೇನೋ. ಇಂಥದನ್ನು ಹಾಕಿಕೊಂಡು ಕ್ಯಾಮೆರಾ ಮುಂದೆ ನಿಲ್ಲುತ್ತಾನಾ? ನೋಡಿದವರು ಏನಂದಾರು?

ಮಗಳು ಸಂಕೋಚಕ್ಕೆ ಒಂದು ಗುಂಡಿ ಅಂದಿದ್ದಾಳೆ, ಉಳಿದದ್ದನ್ನು ನಾನೇ ಅರ್ಥ ಮಾಡಿಕೊಳ್ಳಬೇಕು ಅಂದುಕೊಂಡೆ. ಅರ್ಥ ಮಾಡಿಕೊಳ್ಳಲು ಇಷ್ಟು ವರ್ಷ ಕಾದವಳಿಗೆ ಅಷ್ಟು ಸಾಕಿತ್ತು. ಒಳಗಿನ ಮಡಿಕೆಯಿಂದಲೇ ಎಳೆ ಕಿತ್ತು ಮೊಣಕೈ ಹೆಣೆದೆ. ಅದೇ ದಾರ, ಅದೇ ಬಣ್ಣ, ಹೊಲಿದದ್ದು ಕಾಣಲೇಬಾರದು. ಬೆನ್ನಿನ ತೂತಿಗೆ ಒಳಗಿಂದ ಬಟ್ಟೆ ಕೊಟ್ಟೆ. ಜೇಬನ್ನು ಎರಡು ಸಾಲು ಹೊಲಿಗೆ ಹಾಕಿ ಕೂರಿಸಿದೆ. ಪಿನ್ನುಗಳನ್ನು ತೆಗೆದು ಡಬ್ಬಿಗೆ ತುಂಬಿದೆ. ಒಗೆದು, ಫ್ಯಾನಿನ ಕೆಳಗೆ ಹರವಿದೆ.

"ಒಂದು ಗುಂಡಿಗೆ ಇಷ್ಟೊಂದು ಸಂಭ್ರಮಾನಾ?" ಎಂದರು ನಮ್ಮನೆಯವರು ಹೊದಿಕೆಯೊಳಗಿಂದ.

"ನೀವು ಮಲ್ಕೊಳ್ರೀ."

ಬೆಳಿಗ್ಗೆ ಇಸ್ತ್ರಿ ಹಾಕಿದೆ. ತೋಳಿಗೆ ನೆರಿಗೆ ಕೂಡ ಎಳೆದೆ, ಚಾಕುವಿನ ಅಲಗಿನ ಹಾಗೆ. "ಯಾರ ಕೈಲಾದ್ರೂ ಕಳಿಸು" ಎಂದು ಮಗಳು ಆಗಲೇ ಹೊರಟುಹೋಗಿದ್ದಳು. ಯಾರ ಕೈಲಿ ಯಾಕೆ? ಅಂಗಡಿಗೆ "ಈಗ ಬಂದೆ" ಎಂಬ ಹಲಗೆ ತಗುಲಿಹಾಕಿ ನಾನೇ ಹೊರಟೆ. ಬಸ್ಸಿನಲ್ಲಿ ಆ ಜಾಕೆಟ್ಟನ್ನು ತೊಡೆಯ ಮೇಲೆ ಎಳೆಕೂಸಿನ ಹಾಗೆ ಮಲಗಿಸಿಕೊಂಡಿದ್ದೆ.

ಜಾಗ ಹಳೆಯ ಪ್ರಿಂಟಿಂಗ್ ಪ್ರೆಸ್ಸಿನ ನೆಲಮಾಳಿಗೆ. ಮಾರನೆಯ ದಿನ ಅಲ್ಲಿಗೆ ಹೊಸ ಯಂತ್ರಗಳು ಬರುವುದಿತ್ತು, ಹಾಗಾಗಿ ಏನು ಮಾಡುವುದಿದ್ದರೂ ಅವತ್ತೇ. ಮೆಟ್ಟಿಲು ಇಳಿಯುತ್ತಿದ್ದಂತೆ ಮಸಿಯ ವಾಸನೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ, ಹಳೇ ಹಾಸಿಗೆ. ನಡುವೆ ಮರದ ವೇದಿಕೆ, ಅದರ ಮುಂದೆ ಕಿಕ್ಕಿರಿದ ಹುಡುಗ ಹುಡುಗಿಯರು. ಒಬ್ಬಳ ಕೂದಲು ಹಸಿರು, ಇನ್ನೊಬ್ಬನಿಗೆ ಕೂದಲೇ ಇಲ್ಲ. ಡ್ರಮ್ಮಿನ ಮೇಲೆ ಯಾರೋ ಒಮ್ಮೆ ಬಾರಿಸಿದರು. ಸದ್ದು ನನ್ನ ಅಂಗಾಲಿನಿಂದ ಹತ್ತಿ ಹಲ್ಲಿಗೆ ಬಂತು. ಅಬ್ಬಾ, ಗೋಡೆ ದಾಟಿ ಬರುತ್ತಿದ್ದದ್ದು ಇದರ ನೆರಳಷ್ಟೇ!

"ಆಂಟಿ ಬಂದ್ರು! ಜಾಕೆಟ್ ಬಂತು!" ಎಂದು ಒಬ್ಬ ಎತ್ತರದ ಹುಡುಗ ಓಡಿ ಬಂದ. ಅವನೇ ಹಾಡುಗಾರ. ಎಲ್ಲರೂ ಅವನನ್ನು ಗುಡುಗು ಅನ್ನುತ್ತಾರೆ. ಹಾಡು ನಿಂತರೆ ಅವನ ದನಿ ಪಕ್ಕದವರಿಗೂ ಕೇಳಿಸದು. ಹಗಲೆಲ್ಲ ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುವ ಕೆಲಸವಂತೆ. ನಾನು ಹೆಮ್ಮೆಯಿಂದ ಜಾಕೆಟ್ಟು ತೆಗೆದು ಅವನಿಗೆ ತೊಡಿಸಿದೆ. ಕಾಲರು ಸರಿಮಾಡಿದೆ.

ಎಲ್ಲರೂ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

ಡ್ರಮ್ಮಿನ ಹಿಂದೆ ಕೂತಿದ್ದ ಗುಂಡು ಗುಂಡಾದ ಹುಡುಗಿ ಮೊದಲು ಬಾಯಿ ಬಿಟ್ಟಳು. ಅವಳ ಅಡ್ಡಹೆಸರು ಕುಕ್ಕರ್. "ಲೋ ಗುಡುಗು, ಬ್ಯಾಂಕ್ ಮ್ಯಾನೇಜರ್ ಥರ ಕಾಣ್ತಿದೀಯ ಕಣೋ. ಸಾಲ ಕೊಡ್ತೀಯಾ?"

"ಅಮ್ಮಾ…" ಮಗಳು ಜನರ ನಡುವಿನಿಂದ ಬಂದಳು. ಜಾಕೆಟ್ಟಿನ ತೋಳು ಮುಟ್ಟಿದಳು, ಭುಜ ಮುಟ್ಟಿದಳು, ಅವನನ್ನು ತಿರುಗಿಸಿ ಬೆನ್ನು ನೋಡಿದಳು. "ಇದು… ತೂತು ಎಲ್ಲಿ?"

"ಎಲ್ಲಾ ಸರಿ ಮಾಡಿದೀನಿ" ಅಂದೆ.

"ಸರಿ ಮಾಡಿದೀಯಾ!"

"ವಾರಗಟ್ಲೆ ಕೂತು ಹರಿದಿದ್ವಿ ಆಂಟಿ" ಎಂದ ಗುಡುಗು ಸಣ್ಣ ದನಿಯಲ್ಲಿ. "ಕಲ್ಲಿಗೆ ಉಜ್ಜಿ ಉಜ್ಜಿ."

ಆಮೇಲೆ ತಿಳಿಯಿತು. ಸಿನಿಮಾದಲ್ಲಿ ಆ ಒಂದೊಂದು ಹರಕಿಗೂ ಒಂದೊಂದು ಕಥೆ. ಮೊಣಕೈ ಹರಿದದ್ದು ಕಾಂಪೌಂಡು ಹಾರುವಾಗ. ಬೆನ್ನು ಹರಿದದ್ದು ಮೇಲಿನ ಮನೆಯ ನಾಯಿ ಅಟ್ಟಿಸಿಕೊಂಡು ಬಂದಾಗ. ನೋಡುವವರು ಪ್ರತಿಯೊಂದಕ್ಕೂ ನಕ್ಕಿರುತ್ತಾರೆ. ಈಗ ಕೊನೆಯ ಕಾರ್ಯಕ್ರಮದಲ್ಲಿ ಅದೇ ಜಾಕೆಟ್ಟು ಮದುವೆಗೆ ಹೊರಟ ಹಾಗೆ ಬಂದು ನಿಂತರೆ?

"ಕಿತ್ತುಬಿಡ್ತೀನಿ ತಾಳಿ" ಎಂದು ಗುಡುಗು ಮೊಣಕೈಯನ್ನು ಹಿಡಿದು ಎಳೆದ. ಮುಖ ಕೆಂಪಾಯಿತು. ಕುಕ್ಕರ್ ಬಂದು ಇನ್ನೊಂದು ಕಡೆಯಿಂದ ಜಗ್ಗಿದಳು. ಇಬ್ಬರೂ ಹಗ್ಗ ಎಳೆಯುವವರ ಹಾಗೆ ಹಿಂದಕ್ಕೆ ವಾಲಿದರೂ ಒಂದು ಎಳೆ ಬಿಡಲಿಲ್ಲ.

"ಆಂಟಿ, ದಾರ ಹಾಕಿ ಹೊಲಿದ್ರಾ, ತಂತಿ ಹಾಕಿದ್ರಾ?"

ನನಗೆ ಹೆಮ್ಮೆಯಾಯಿತು. ಹೆಮ್ಮೆಯಾಗಿದ್ದಕ್ಕೆ ನಾಚಿಕೆಯೂ ಆಯಿತು. ಯಾರೋ ಕತ್ತರಿ ತಂದರು. ಕ್ಯಾಮೆರಾ ಹಿಡಿದಿದ್ದ ಕನ್ನಡಕದ ಹುಡುಗಿ ಬೇಡವೆಂದು ತಲೆಯಾಡಿಸಿದಳು. ಕತ್ತರಿಸಿದ್ದು ಕತ್ತರಿಸಿದ ಹಾಗೇ ಕಾಣುತ್ತದೆ, ಹರಿದ ಹಾಗೆ ಕಾಣುವುದಿಲ್ಲ.

"ಒಂದು ಗುಂಡಿ ಕೇಳಿದ್ದೆ ಅಮ್ಮ" ಎಂದಳು ಮಗಳು. ರೇಗಲಿಲ್ಲ. ಅದೇ ಮೆತ್ತನೆಯ ದನಿ. "ಬರೀ ಒಂದು ಗುಂಡಿ."

ಕನ್ನಡಕದ ಹುಡುಗಿ ಬಗ್ಗಿ ನೋಡಿದಳು. "ಆ ಗುಂಡೀನೂ ಹಾಕಿಲ್ಲ ಕಣೇ."

ಇಡೀ ನೆಲಮಾಳಿಗೆ ನಕ್ಕಿತು. ಹೌದು. ಇದ್ದ ಗುಂಡಿಗಳಿಗೆ ಹೊಂದುವಂಥದನ್ನು ಬೆಳಕಿನಲ್ಲಿ ಹುಡುಕಬೇಕೆಂದು ಬೆಳಿಗ್ಗೆಗೆ ಬಿಟ್ಟಿದ್ದೆ. ಹುಡುಕಿ ಪರ್ಸಿಗೂ ಹಾಕಿಕೊಂಡಿದ್ದೆ. ಇಸ್ತ್ರಿಯ ಉತ್ಸಾಹದಲ್ಲಿ ಅದು ಪರ್ಸಿನಲ್ಲೇ ಉಳಿದಿತ್ತು. ಕೇಳದ್ದನ್ನೆಲ್ಲ ಮಾಡಿ, ಕೇಳಿದ್ದೊಂದನ್ನು ಬಿಟ್ಟಿದ್ದೆ.

ಮಗಳು ಮಾತ್ರ ನಗಲಿಲ್ಲ. ಗೋಡೆಗೊರಗಿ, ಕೈಯಲ್ಲಿದ್ದ ಹಾಳೆಗಳನ್ನು ನೋಡುತ್ತಾ ನಿಂತಳು. ಸಿನಿಮಾ ನಿಂತರೆ ನಿಲ್ಲಬಹುದು, ಇವರೆಲ್ಲ ಚಿಕ್ಕವರು, ಇನ್ನೊಂದು ಮಾಡಿಯಾರು. ನನಗೆ ಅದಕ್ಕಿಂತ ಬೇರೆಯೇ ಭಯ. ಇವಳು ಇನ್ನು ನನ್ನನ್ನು ಏನೂ ಕೇಳುವುದಿಲ್ಲ. ಕೇಳದೇ ಇರುವುದು ಅವಳಿಗೆ ಎಷ್ಟು ಸುಲಭ! ಬಾಗಿಲು ಹಾಕಿಕೊಂಡರಾಯಿತು.

ಹೊರಟುಹೋಗಬೇಕಿತ್ತು. ಕೈ ಕೇಳಲಿಲ್ಲ. ಪರ್ಸು ತೆಗೆದು ಗುಂಡಿ, ಸೂಜಿ, ದಾರ ಹುಡುಕಿದೆ. "ಬಾರಪ್ಪ ಇಲ್ಲಿ. ಅದೊಂದನ್ನಾದ್ರೂ ಹಾಕಿ ಹೋಗ್ತೀನಿ."

ಗುಡುಗು ವಿಧೇಯನಾಗಿ ಬಂದು ಎದೆ ಒಡ್ಡಿ ನಿಂತ. ಕೈಗೆ ಕೆಲಸವಿಲ್ಲದೆ ಕುಕ್ಕರ್ ಡ್ರಮ್ಮು ಶುರುಮಾಡಿದಳು, ಅವನು ಅಭ್ಯಾಸಕ್ಕೆಂದು ಹಾಡತೊಡಗಿದ. ಅಲ್ಲಲ್ಲ, ಹಾಡಲಿಲ್ಲ, ಸಿಡಿದ. "ಬಗ್ಗಲ್ಲ! ಯಾರಿಗೂ ಬಗ್ಗಲ್ಲ! ನಾವು ಯಾರಿಗೂ ಬಗ್ಗಲ್ಲ!" ಅವನ ಎದೆಗೂಡು ನನ್ನ ಬೆರಳ ಕೆಳಗೆ ಎಂಜಿನಿನ ಹಾಗೆ ನಡುಗುತ್ತಿತ್ತು. ಸೂಜಿ ಗುರಿ ತಪ್ಪಿತು.

"ಸುಮ್ನೆ ನಿಲ್ಲು, ಚುಚ್ಚುತ್ತೆ" ಅಂದೆ. "ಎಷ್ಟು ಎತ್ತರ ಬೆಳೆದಿದೀಯೋ, ಕೈಗೆ ಎಟುಕ್ತಿಲ್ಲ. ಸ್ವಲ್ಪ ಬಗ್ಗು."

ಅವನು ಹಾಡುತ್ತಲೇ ಬಗ್ಗಿದ.

ಕನ್ನಡಕದ ಹುಡುಗಿ ಕಿಸಕ್ಕೆಂದಳು. ಕುಕ್ಕರ್ ಕೋಲು ಕೈಬಿಟ್ಟು ಹೊಟ್ಟೆ ಹಿಡಿದುಕೊಂಡಳು. ನಾನು ಗಾಬರಿಯಿಂದ ತಿರುಗಿದರೆ, ಮಗಳು ಗೋಡೆ ಬಿಟ್ಟು ಮುಂದೆ ಬಂದಿದ್ದಳು. ಅವಳ ಕಣ್ಣು ಅಷ್ಟಗಲವಾಗಿದ್ದದ್ದನ್ನು ನಾನು ನೋಡಿದ್ದು ಅವಳು ಮೊದಲ ಸಲ ಸೈಕಲ್ ತುಳಿದ ದಿನ.

"ಅಮ್ಮ, ಅಲ್ಲಾಡಬೇಡ. ಹಾಗೇ ಇರು." ಆಮೇಲೆ ಎಲ್ಲರ ಕಡೆ ತಿರುಗಿ, "ಏ ಕೇಳ್ರೋ! ನಮ್ಮ ಇಡೀ ಸಿನಿಮಾದಲ್ಲಿ ಒಬ್ಬರಿಗಾದ್ರೂ ಅಮ್ಮ ಇದಾರಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಯಿಗೂ ಒಂದು ಕಥೆ ಇತ್ತು. ಅಮ್ಮ ಮಾತ್ರ ಯಾರಿಗೂ ಇರಲಿಲ್ಲ.

"ಮರೆತೇಬಿಟ್ವಲ್ಲೇ" ಎಂದಳು ಕನ್ನಡಕದ ಹುಡುಗಿ.

"ಯಾರಿಗೂ ಬಗ್ಗದ ಗುಡುಗು! ರಾತ್ರೋರಾತ್ರಿ ಅವರಮ್ಮ ಜಾಕೆಟ್ ಹೊಲಿದು, ಒಗೆದು, ಇಸ್ತ್ರಿ ಹಾಕಿಬಿಟ್ಟಿದಾರೆ. ಗುಂಡಿ ಮರೆತಿದಾರೆ. ಹಾಡಿನ ಮಧ್ಯದಲ್ಲಿ ಸ್ಟೇಜಿಗೇ ಬರ್ತಾರೆ!" ಮಗಳು ಹೇಳುತ್ತಾ ಹೇಳುತ್ತಾ ಕುಣಿಯುತ್ತಿದ್ದಳು. ನನ್ನ ಎರಡೂ ಭುಜ ಹಿಡಿದುಕೊಂಡಳು. "ಅಮ್ಮ, ಮಾಡ್ತೀಯಾ?"

"ನಂಗೇನೇ ಬರುತ್ತೆ? ಏನು ಹೇಳಬೇಕು?"

"ಏನೂ ಬೇಡ. ಗುಂಡಿ ಹಾಕು. ಸುಮ್ನೆ ಇರೋಕಾಗದೆ ಏನಾದ್ರೂ ಅಂದೇ ಅಂತೀಯ."

"ಅಯ್ಯೋ, ತಲೆ ಆದ್ರೂ ಬಾಚಿಕೊಳ್ತೀನಿ ತಾಳೇ."

"ಬೇಡ! ಹಾಗೇ ಚೆನ್ನಾಗಿದೀಯ."

ದೀಪಗಳು ಹೊತ್ತಿಕೊಂಡವು. ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. ಕೈಯಲ್ಲಿ ದಾರ ಪೋಣಿಸಿದ ಸೂಜಿ, ಬಾಯಲ್ಲಿ ಗುಂಡಿ. ಮಗಳು "ಆ್ಯಕ್ಷನ್!" ಅಂದಳು. ಡ್ರಮ್ಮು ಗುಡುಗಿತು, ಗಿಟಾರುಗಳು ಕಿರುಚಿದವು, ಇಡೀ ಗುಂಪು ಒಂದೇ ಸಲ ಮೇಲೆ ಹಾರಿತು. ನಾನು ನುಗ್ಗಿದೆ. ಹಸಿರು ಕೂದಲಿನವಳ ಮೊಣಕೈ ತಾಗಿತು, ಯಾರೋ ಕಾಲು ತುಳಿದರು, ನಾನೂ ಯಾರದ್ದೋ ತುಳಿದೆ. "ದಾರಿ ಬಿಡ್ರಪ್ಪಾ, ಸೂಜಿ ಇದೆ!" ಎಂದು ಕೂಗಿದೆ. ಬಾಯಲ್ಲಿದ್ದ ಗುಂಡಿ ನುಂಗುವುದೊಂದು ಬಾಕಿ. ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿರಲಿಲ್ಲ. ಆ ಸದ್ದಿನಲ್ಲಿ ಎಷ್ಟು ಕೂಗಿದರೂ ಯಾರೂ ಸುಮ್ಮನಿರು ಅನ್ನುವಂತಿರಲಿಲ್ಲ. ಓಹೋ, ಇವರೆಲ್ಲ ಇಲ್ಲಿಗೆ ಇಳಿದು ಬರುವುದು ಇದಕ್ಕಾ?

ವೇದಿಕೆ ಹತ್ತಿದೆ. ಗುಡುಗು ನನ್ನನ್ನು ನೋಡಿ ನಿಜವಾಗಿಯೂ ಬೆಚ್ಚಿದ. ಬಗ್ಗಲ್ಲ ಬಗ್ಗಲ್ಲ ಎನ್ನುತ್ತಾ ಬಗ್ಗಿದ. ನಾನು ಹೊಲಿದೆ. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಸೂಜಿ ಒಳಗೆ, ಹೊರಗೆ. ನನ್ನ ಕಾಲು ಮಷೀನು ತುಳಿಯುವ ಹಾಗೆ ತಾಳ ಹಾಕುತ್ತಿತ್ತು. ಈ ಸಲ ನಡುವೆ ಗೋಡೆ ಇರಲಿಲ್ಲ.

ದಾರವನ್ನು ಹಲ್ಲಿನಿಂದ ಕಡಿದು, ಅವನ ಎದೆ ತಟ್ಟಿ, "ಈಗ ಕಿರುಚು" ಅಂದೆ.

ಅವನು ಕಿರುಚಿದ. ಎಲ್ಲರೂ ಕಿರುಚಿದರು. ನಾನೂ.

ಕಟ್ ಅನ್ನಬೇಕಾದವಳು ಅನ್ನಲೇ ಇಲ್ಲ. ಹಾಡು ಮುಗಿದು, ಮೇಲಿನಿಂದ ಯಾರೋ ನಿಜವಾಗಿಯೂ ನೆಲ ಗುದ್ದುವ ಸದ್ದು ಕೇಳಿದ ಮೇಲೆ, ಕನ್ನಡಕದ ಹುಡುಗಿಯೇ ಕ್ಯಾಮೆರಾ ಆರಿಸಿದಳು. ಮಗಳು ಹಾಳೆಗಳನ್ನೆಲ್ಲ ನೆಲಕ್ಕೆ ಚೆಲ್ಲಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೂ ಗೊತ್ತಿದ್ದಂತಿರಲಿಲ್ಲ.

"ಓಕೆ ಅಮ್ಮ" ಎಂದಳು ಕಡೆಗೆ. "ಸೂಪರ್ ಓಕೆ. ಆದ್ರೆ… ಇನ್ನೊಂದೇ ಒಂದು ಸಲ, ಆ ಕಡೆಯಿಂದ ತೆಗಿಬೇಕಿತ್ತು. ಗುಂಡಿ ಹಾಕಿಬಿಟ್ಟೆ ಅಲ್ವಾ, ಮತ್ತೆ ಕೀಳೋದು ಅಂದ್ರೆ ನಿಂಗೆ…"

ನಾನು ಹೊಲಿದದ್ದನ್ನು ನಾನೇ ಕಿತ್ತವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಷ್ಟು ದಿನ ನನ್ನ ಕಡೆ ನೋಡುತ್ತಲೇ ಇದ್ದಳು ಅಂತಾಯಿತು.

"ಯಾಕೆ ಕಾಯ್ತಾ ಇದೀಯ? ಶುರುಮಾಡು" ಎಂದು ಅಂಗೈ ಬಿಚ್ಚಿ ತೋರಿಸಿದೆ. ಅವಳು ಮಾತು ಮುಗಿಸುವುದರೊಳಗೇ ಗುಂಡಿ ಕಿತ್ತಾಗಿತ್ತು.