ತುಂಡು ಹಾಕಿದ ಸೀಟು

ಇಂದುಜಾ ಮೂರು ವರ್ಷ ಪಟ್ಟು ಹಿಡಿದು ಕಟ್ಟಿದ ಅಣುವಿಗೆ ಮೂರು ಕೈ. ಒಂದೊಂದು ಕೈಗೂ ಎರಡೆರಡು ಹೈಡ್ರೋಜನ್. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರಿನಲ್ಲಿರುವ ಸಲ್ಫೇಟ್ ಎಂಬ ಋಣ ಅಯಾನನ್ನು ಆ ಹೈಡ್ರೋಜನ್‌ಗಳು ಹಿಡಿದು ನಡುವಿನ ಗೂಡಿಗೆ ಎಳೆದುಕೊಳ್ಳಬೇಕು. ಕಾಗದದ ಮೇಲೆ ಬಲು ಜಾಣ ಅಣು. ಸೀಸೆಯೊಳಗೆ ಮಾತ್ರ ಮಹಾ ಮೊಂಡು. ಎಷ್ಟು ಸಲ್ಫೇಟ್ ಹಾಕಿದರೂ ಜಪ್ಪಯ್ಯ ಅನ್ನಲಿಲ್ಲ.

ಶುಕ್ರವಾರದೊಳಗೆ ಅಣು ಸಲ್ಫೇಟ್ ಹಿಡಿಯದಿದ್ದರೆ ಇದನ್ನು ಕೈಬಿಟ್ಟು ಹೊಸ ವಿಷಯ ಹುಡುಕಿಕೋ ಎಂದು ಸಂಶೋಧನೆಯ ಗೈಡ್ ದಿವಾಕರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇಂದುಜಾಗೆ ಅನ್ನ ಸೇರುತ್ತಿರಲಿಲ್ಲ.

ಇಂಥ ಹೊತ್ತಲ್ಲೇ, ಬುಧವಾರ ಬೆಳಿಗ್ಗೆ, ಪಲ್ಲಡದ ನೆಂಟರ ಮನೆಯ ಕಿವಿ ಚುಚ್ಚುವ ಶಾಸ್ತ್ರಕ್ಕೆ, ಇಂದುಜಾ ಅವ್ವಾ ಎಂದೇ ಕರೆಯುವ ಅಜ್ಜಿ ಕಮಲಾತಾಳ್ ಹೊರಟರು. ಜೊತೆಗೆ ಮೊಮ್ಮಗಳೇ ಬೇಕಂತೆ. ಸಿಂಗಾನಲ್ಲೂರು ನಿಲ್ದಾಣಕ್ಕೆ ಬಸ್ಸು ಬಂದು ನಿಲ್ಲುವ ಮೊದಲೇ ಅಜ್ಜಿ ಹೆಗಲ ಮೇಲಿನ ತುಂಡನ್ನು, ಅಂದರೆ ಟವೆಲನ್ನು, ಕಿಟಕಿಯೊಳಗೆ ಬೀಸಿ ಒಗೆದರು. ನಲವತ್ತು ವರ್ಷ ಮಗ್ಗದ ಲಾಳಿ ಎಸೆದ ಕೈ; ಗುರಿ ತಪ್ಪುವುದುಂಟೇ? ಇಬ್ಬರ ಸೀಟಿನ ಮೇಲೆ ತುಂಡು ಉದ್ದಕ್ಕೂ ಬಿತ್ತು.

ಒಳಗಿದ್ದ ದಪ್ಪ ಮೀಸೆಯವನೊಬ್ಬ ಸೀಟು ಖಾಲಿಯೆಂದು ಕೂರಲು ಬಗ್ಗಿದ.

"ಆಳ್ ವರುದುಂಗೊ!" ಆಳು ಬರ್ತಿದ್ದಾರೆ ಎಂದು ಅಜ್ಜಿ ಹೊರಗಿನಿಂದಲೇ ತಮಿಳಲ್ಲಿ ಗುಡುಗಿದರು. ಅವನು ತುಂಡು ನೋಡಿ ತೆಪ್ಪಗೆ ಸರಿದ.

ಇಂದುಜಾ ನಿಂತಲ್ಲೇ ನಿಂತಳು. ಕೊನೆಯ ಹಂತದಲ್ಲಿ ಅವಳು ಹೈಡ್ರೋಕ್ಲೋರಿಕ್ ಆಮ್ಲ ಬಳಸಿದ್ದಳು. ಆಮ್ಲದ ಕ್ಲೋರೈಡ್, ಅದೂ ಋಣ ಅಯಾನೇ, ಆಗಲೇ ಗೂಡಿನೊಳಗೆ ತುಂಡು ಹಾಕಿ ಜಾಗ ಹಿಡಿದಿರಬೇಕು! ಸಲ್ಫೇಟ್ ಬಂದು ನೋಡಿ ಹಿಂದಿರುಗುತ್ತಿತ್ತು. ಬೈಗುಳ ಮಾತ್ರ ಪಾಪದ ಅಣುವಿಗೆ.

"ಅವ್ವಾ, ನೀ ಹೋಗು. ನಾ ಲ್ಯಾಬಿಗೆ ಹೋಗ್ಬೇಕು!"

"ಏ ಅಮ್ಮಿಣಿ, ಸೀಟ್ ಹಿಡ್ದಿವ್ನಿ ಕಣೇ!"

ಅವಳು ಆಗಲೇ ರಸ್ತೆ ದಾಟಿದ್ದಳು.

ಅಣುವಿನ ಪುಡಿಯನ್ನು ಸೋಡಾ ಬೆರೆಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಆಮ್ಲದ, ಕ್ಲೋರೈಡಿನ ಹೆಸರಿಲ್ಲದಂತೆ ಮಾಡಿದಳು. ಗುರುವಾರವಿಡೀ ಒಣಗಿಸಿದಳು. ಶುಕ್ರವಾರ ಸಲ್ಫೇಟ್ ಸೇರಿಸಿ, ಅಣುವಿನ ಹೈಡ್ರೋಜನ್‌ಗಳನ್ನು ಗೆರೆಗಳಾಗಿ ತೋರಿಸುವ ಯಂತ್ರಕ್ಕಿಟ್ಟಾಗ, ವರ್ಷದಿಂದ ಕದಲದ ಹೈಡ್ರೋಜನ್ ಗೆರೆ ಪರದೆಯ ಮೇಲೆ ಪಕ್ಕಕ್ಕೆ ಸರಿಯಿತು. ಇನ್ನಷ್ಟು ಹಾಕಿದರೆ ಇನ್ನಷ್ಟು ಸರಿಯಿತು. ಗೂಡು ಸಲ್ಫೇಟನ್ನು ಹಿಡಿಯುತ್ತಿತ್ತು! ದಿವಾಕರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. "ಇದನ್ನೇ ಮುಂದುವರಿಸು" ಎಂದರು. ಇಂದುಜಾಗೆ ಸಂತೋಷದಲ್ಲಿ ಅಳು ಬಂದೇಬಿಟ್ಟಿತು.

ಕಣ್ಣೊರೆಸಿಕೊಂಡು ಪಲ್ಲಡಕ್ಕೆ ಫೋನು ಮಾಡಿದಳು. "ಅವ್ವಾ, ಹಿಡೀತು! ಎಲ್ಲಾ ನಿನ್ ತುಂಡಿಂದ!"

ಅಜ್ಜಿಗೆ ಒಂದಕ್ಷರ ಅರ್ಥವಾಗಲಿಲ್ಲ. "ಅದಿರ್ಲಿ ನನ್ ಕಣ್ಣೇ" ಎಂದರು. "ಅವತ್ತು ಸೂಲೂರ್ ತಂಕ ಎಲ್ರೂ ಜಗಳಕ್ಕೆ ಬಂದ್ರು. ಕಂಡಕ್ಟರೂ ಬೈದ. ನಿನ್ ಸೀಟಿಂದ ನಾ ತುಂಡು ಎತ್ಲೇ ಇಲ್ಲ."

"ಯಾಕವ್ವಾ? ನಾ ಬಸ್ ಹತ್ಲೇ ಇಲ್ವಲ್ಲ."

"ಮನ್ಸು ಬದ್ಲಾಗಿ, ಹಿಂದಿನ್ ಬಸ್ ಹಿಡ್ಕೊಂಡು ಸೂಲೂರಲ್ಲಿ ನಮ್ ಬಸ್ಸಿಗೆ ಓಡಿ ಬಂದ್ಬುಟ್ರೆ? ನನ್ ಮಗು ನಿಂತ್ಕಂಡು ಬರ್ಬೇಕಾ?"