ಅಮರೇಶನ ಪಾಲಿನ ಮಣ್ಣು

ನಮ್ಮೂರಿನ ವಿಜಯನಗರ ಬಡಾವಣೆಯ ಸರ್ಕಲ್ಲಿನಲ್ಲಿ ಒಂದು ಸಿಮೆಂಟಿನ ಗೊಂಬೆ ನಿಂತಿದೆ. ಅದು ನನ್ನ ತಮ್ಮ ಡಾಕ್ಟರ್ ಅಮರೇಶನಂತೆ! ಮುಖವೇ ಇಲ್ಲ. ಮಾಡಿದವನು ಜಾಣ, ಮೂಗು ಬಾಯಿ ತಿದ್ದುವ ರಗಳೆ ಯಾಕೆಂದು ತಲೆಗೊಂದು ದುಂಡನೆಯ ಹೆಲ್ಮೆಟ್ ಕೂರಿಸಿ ಕೈ ತೊಳೆದುಕೊಂಡ. ಆಟೋದವರು ಆ ಜಾಗವನ್ನು ಹೆಲ್ಮೆಟ್ ಸರ್ಕಲ್ ಎನ್ನುತ್ತಾರೆ. ಕೆಳಗಿನ ಕಲ್ಲಿನಲ್ಲಿ ಕೆತ್ತಿದ ಅವನ ಹೆಸರಿನ ಮೇಲೆ ಯಾವನೋ ಟ್ಯೂಷನ್ನಿನವನು ಸದಾ ಜಾಹೀರಾತು ಅಂಟಿಸಿರುತ್ತಾನೆ. ನಾನು ಆ ಕಡೆ ಹೋದಾಗಲೆಲ್ಲ ಅದನ್ನು ಉಗುರಿನಲ್ಲಿ ಕೆರೆದು ಕಿತ್ತು, ಅಂಟಿಸಿದವನಿಗೆ ಹಿಡಿಶಾಪ ಹಾಕಿ ಬರುತ್ತೇನೆ.

ಅಮರೇಶ ಸೈನ್ಯದ ಡಾಕ್ಟರ್. ನಮ್ಮಪ್ಪ ಪ್ರಭುಸ್ವಾಮಿಯವರದು ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ. ಮಗ ಒಂಟಿಕೊಪ್ಪಲಿನಲ್ಲಿ ಒಂದು ಕ್ಲಿನಿಕ್ ತೆರೆಯಲಿ ಎಂಬ ಆಸೆಯಲ್ಲೇ ಅವರು ಕಣ್ಣು ಮುಚ್ಚಿದರು. ಇವನೋ, ಹಿಮದಲ್ಲಿ ಬೆರಳು ಕೊಳೆತ ಸಿಪಾಯಿಗಳಿಗೆ ಔಷಧ ಹಚ್ಚುತ್ತೇನೆಂದು ಗಡಿಗೆ ಹೋದ. ಆಮೇಲೆ ವಿಮಾನ ಹಾರಿಸುವವರ ಎದೆ, ಕಿವಿ ಪರೀಕ್ಷಿಸುವ ಕೆಲಸ. ಗಾಳಿ ತೆಳುವಾದ ಕಡೆ ಮನುಷ್ಯನ ರಕ್ತ ಹೇಗೆ ಹರಿಯುತ್ತದೆ ಎನ್ನುವುದೇ ಅವನ ಹುಚ್ಚು. ಆ ಹುಚ್ಚು ನೋಡಿಯೇ ಅವನನ್ನು ಹೊರದೇಶದವರ ಜೊತೆ ಬಾಹ್ಯಾಕಾಶಕ್ಕೆ ಹೋಗಲು ಆರಿಸಿದರು. ರಜೆಗೆ ಬಂದರೆ ಕುಂಬಾರಕೊಪ್ಪಲಿನ ನಮ್ಮ ಮನೆಯ ಜಗಲಿ ಆಸ್ಪತ್ರೆಯಾಗುತ್ತಿತ್ತು. ಬೀದಿಯವರೆಲ್ಲ ತೋಳು ಚಾಚಿಕೊಂಡು ಬಿ.ಪಿ. ನೋಡಿಸಿಕೊಳ್ಳಲು ಸಾಲು ನಿಲ್ಲುತ್ತಿದ್ದರು. ಮದುವೆ ಆಗೋ ಎಂದರೆ, "ಮೇಲಕ್ಕೆ ಹೋಗಿ ಬಂದ್ಬುಡ್ತೀನಿ ತಾಳಕ್ಕ" ಎನ್ನುತ್ತಿದ್ದ.

ನಾವು ಲಿಂಗವಂತರು. ಮಗುವಾಗಿದ್ದಾಗ ಕಟ್ಟಿದ ಇಷ್ಟಲಿಂಗ ಸಾಯುವತನಕ ಮೈಮೇಲಿರಬೇಕು. ಸತ್ತವರನ್ನು ನಾವು ಸುಡುವುದಿಲ್ಲ. ಗುಂಡಿಯೊಳಗೆ ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ ಸುರಿದು ಮಣ್ಣು ಮಾಡುತ್ತೇವೆ. ತೊಂಬತ್ತೆಂಟರಲ್ಲಿ ಅಮರೇಶ ಕೊನೆಯ ಸಲ ಬಂದಾಗ ಇದೇ ಮಾತು ಬಂತು.

"ಅವ್ವಾ, ಆ ಸೂಟಿನೊಳಗೆ ಕುತ್ತಿಗೇಲಿ ಏನೂ ಇರೋ ಹಂಗಿಲ್ಲ. ಸ್ವಂತದ ಸಾಮಾನಿಗೆ ಅಂತ ಒಂದು ಪುಟ್ಟ ಚೀಲ ಕೊಡ್ತಾರೆ. ಲಿಂಗಾನ ಅದರಲ್ಲಿ ಇಟ್ಕೊಂಡು ಹೋಗ್ತೀನಿ" ಎಂದ.

ನಮ್ಮವ್ವ ಶಿವನಂಜಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ಬಂದಳು. "ಚೀಲಕ್ಕೆ ತುರುಕೋಕೆ ಅದೇನು ಸೋಪಾ? ಇದ್ರೆ ಮೈಮೇಲಿರ್ಬೇಕು, ಇಲ್ದಿದ್ರೆ ನನ್ನ ಕೈಲಿರ್ಬೇಕು. ಬಿಚ್ಕೊಡು. ನೀನು ಬರೋಗಂಟ ನಾನು ಪೂಜೆ ಮಾಡ್ತೀನಿ."

"ನನ್ನ ಜೊತೇಲೇ ಇರ್ಲಿ ಅಂತ ಕಣವ್ವ."

"ನನ್ನ ಹತ್ರ ಇದ್ರೆ ನಿನ್ನ ಜೊತೇಲಿ ಇದ್ದಂಗೇ. ಕೊಡು ಅಂದೆ."

ಅವ್ವನ ಎದುರು ಆಡಿ ಗೆದ್ದವರು ಯಾರು? ಅಪ್ಪನೇ ಗೆದ್ದಿರಲಿಲ್ಲ. ಅವನು ನಗುತ್ತ ಕುತ್ತಿಗೆಯ ಶಿವದಾರ ಬಿಚ್ಚಿ, ಲಿಂಗವನ್ನು ಅವಳ ಅಂಗೈಗೆ ಇಟ್ಟ. ಅವಳ ಹಿಟ್ಟಿನ ಕೈ ತಾಗಿ ಅವನ ಅಂಗಿ ಬಿಳಿಯಾಯಿತು. ಅದನ್ನು ಕೊಡವಿಕೊಳ್ಳದೆಯೇ ರೈಲು ಹತ್ತಿದ.

ಮೇಲಿನಿಂದ ಅವನು ಮಾತಾಡಿದ್ದನ್ನು ಟಿ.ವಿ.ಯಲ್ಲಿ ತೋರಿಸಿದರು. ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ತಮ್ಮ ಮೀನಿನಂತೆ ತೇಲುತ್ತ, ಜೊತೆಯವನ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆಯುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರೆ ಅವ್ವ ಒಬ್ಬಳೇ, "ಅಯ್ಯೋ, ಮುಖ ಊದ್ಕೊಂಡದಲ್ಲೇ ಮಂಗಳಾ" ಎಂದು ನನ್ನ ಕಡೆ ತಿರುಗಿ ಕಣ್ಣೀರು ಹಾಕಿದಳು. ಮೇಲೆ ಹೋದರೆ ರಕ್ತ ಮುಖಕ್ಕೇರಿ ಹಾಗಾಗುತ್ತದೆಂದು ಅವನೇ ಹೇಳಿದ್ದ. ನಾನು ಅದನ್ನೇ ಹೇಳಿದರೂ ಅವಳು ಕೇಳಲಿಲ್ಲ.

ಇಳಿಯುವಾಗ ನೌಕೆ ಹೊತ್ತಿ ಉರಿಯಿತು. ಅಷ್ಟೇ. ಯಾರೂ ಉಳಿಯಲಿಲ್ಲ, ಯಾರದೂ ಒಂದು ಎಲುಬೂ ಸಿಗಲಿಲ್ಲ. ಸೈನ್ಯದವರು ಮಡಿಸಿದ ಬಾವುಟ, ಒಂದು ಪದಕ ತಂದುಕೊಟ್ಟರು. ಅವ್ವ ಬಾವುಟವನ್ನು ಎರಡು ಸಲ ಬಿಚ್ಚಿ ನೋಡಿದಳು, ಒಳಗೆ ಏನಾದರೂ ಇಟ್ಟಿರಬಹುದು ಎಂದು.

ಸಂತಾಪ ಸಭೆಯಲ್ಲಿ ದೊಡ್ಡ ಮನುಷ್ಯರೊಬ್ಬರು ಮೈಕು ಹಿಡಿದು, "ಇಂಥ ವೀರನಿಗೆ ಸಮಾಧಿ ಯಾಕೆ ಬೇಕು? ಆಕಾಶವೇ ಅವರ ಸಮಾಧಿ" ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಂತೆ, ಅವರ ಕೈಗಿಷ್ಟು! ವೇದಿಕೆಯ ಮೇಲೆ ಕುಳಿತಿದ್ದ ಅವ್ವ ಎದ್ದು ನಿಂತು, "ಆಕಾಶಕ್ಕೆ ಮಣ್ಣು ಹಾಕೋಕಾಗುತ್ತೇನಪ್ಪ? ನನ್ನ ಮಗನಿಗೆ ಒಂದು ಹಿಡಿ ಮಣ್ಣು ಹಾಕ್ಬೇಕು, ಎಲ್ಲಿಗೆ ಎಸೀಲಿ, ತೋರ್ಸು" ಎಂದಳು. ಅವರು ತಲೆ ತಗ್ಗಿಸಿ ನೀರು ಕುಡಿದರು.

ರುದ್ರಭೂಮಿಯಲ್ಲಿ ಅಪ್ಪನ ಪಕ್ಕ ಜಾಗವಿತ್ತು. ಅಮರೇಶನ ಲಿಂಗವನ್ನಾದರೂ ಅಲ್ಲಿ ಮಣ್ಣು ಮಾಡಿಕೊಡಿ ಎಂದು ನಮ್ಮ ಮನೆಯ ಕಾರ್ಯಗಳನ್ನೆಲ್ಲ ಮಾಡಿಸುವ ಅಯ್ಯನವರನ್ನು ಅವ್ವ ಬೇಡಿಕೊಂಡಳು. ಅವರು ಒಪ್ಪಲಿಲ್ಲ. ದೇಹವಿಲ್ಲದೆ ಸಮಾಧಿ ಇಲ್ಲ, ಹಿಡಿಯುವ ಕೈಯಿಲ್ಲದೆ ಲಿಂಗವನ್ನು ಮಣ್ಣಿಗೆ ಹಾಕುವುದು ಎಸೆದಂತೆ ಎಂದರು.

ಅಂದಿನಿಂದ ಅವ್ವ ದಿನಾ ಅಂಗೈಯಲ್ಲಿ ಮೊದಲು ಅವನ ಲಿಂಗವನ್ನು ಪೂಜಿಸಿ, ಆಮೇಲೆ ತನ್ನದನ್ನು ಪೂಜಿಸುತ್ತಿದ್ದಳು. ಪೂಜೆ ಮುಗಿದರೆ ಅದೇ ರಾಗ. "ಚೀಲದಲ್ಲಾದ್ರೂ ತಕೊಂಡೋಗ್ತೀನಿ ಅಂದ. ನಾನೇ ಕಿತ್ಕೊಂಡ್ಬುಟ್ಟೆ. ಬರಿಗೈಲಿ ಹೋದ ನನ್ ಮಗ."

"ಹೋಗಿದ್ರೆ ಅದೂ ಸುಟ್ಟೋಗಿರೋದು ಕಣವ್ವ. ನಮಗೇನು ಉಳೀತಿತ್ತು?" ಎಂದು ನಾನು ರೇಗುತ್ತಿದ್ದೆ.

"ನಮಗೆ ಉಳಿಯೋಕಲ್ಲ ಕಣೇ ಅದು, ಅವನ ಜೊತೆ ಹೋಗೋಕೆ" ಎನ್ನುತ್ತಿದ್ದಳು. ನನ್ನ ಬಾಯಿ ದೊಡ್ಡದು. ಆದರೂ ಆ ಮಾತು ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯಲು ಕೂರುತ್ತಿದ್ದೆ. ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಹೊತ್ತು ಹುಟ್ಟಿದ್ದು ಈ ಮಾತಿಗೆ, ಮುಳುಗಿದ್ದು ಈ ಮಾತಿಗೆ.

ಎರಡು ಸಾವಿರದ ಆರರಲ್ಲಿ ಅವ್ವ ಹಾಸಿಗೆ ಹಿಡಿದಳು. ಒಂದು ದಿನ ನನ್ನ ಸೆರಗು ಹಿಡಿದೆಳೆದು, "ನಾನು ಹೋದಾಗ ಅವನ ಲಿಂಗಾನೂ ನನ್ ಕೈಲೇ ಇಡು. ಹೊಟ್ಟೇಲಿ ಹೊತ್ತೋಳು, ಗುಂಡೀಲೂ ಹೊತ್ಕೊಂಡಿರ್ತೀನಿ. ಅವನಿಗೂ ಮಣ್ಣು ಸಿಕ್ದಂಗಾಗುತ್ತೆ. ಮಾಡ್ತೀಯಾ?" ಎಂದಳು. ಮಾಡ್ತೀನಿ ಎಂದೆ. ಆವತ್ತು ಅವಳು ಎಷ್ಟೋ ದಿನಗಳ ಮೇಲೆ ಅನ್ನ ಕೇಳಿ ಉಂಡಳು.

ಅವಳನ್ನು ಗುಂಡಿಯಲ್ಲಿ ಕೂರಿಸಿದ ಮೇಲೆ ನಾನು ಅಮರೇಶನ ಲಿಂಗವನ್ನು ಮುಂದೆ ಚಾಚಿದೆ. ಅಯ್ಯನವರು ತಲೆಯಾಡಿಸಿದರು. "ಒಂದು ದೇಹಕ್ಕೆ ಒಂದೇ ಲಿಂಗ ಕಣಮ್ಮ." ನಾನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟೆ. "ಹಂಗಾದ್ರೆ ನನ್ನೂ ಜೊತೇಲಿ ಕೂರಿಸಿ ಮುಚ್ಚಿ" ಎಂದೆ. ಆ ಮುದಿ ಅಯ್ಯನವರ ಕಣ್ಣು ತುಂಬಿತು. "ಆಗ್ಲಿ ತಾಯಿ. ಆದ್ರೆ ಆಯಮ್ಮನ ಕೈ ಸಣ್ಣದು, ಎರಡು ನಿಲ್ಲಲ್ಲ. ಬಟ್ಟೆ ಚೀಲದಲ್ಲಿ ಕಟ್ಟಿ ತೊಡೆ ಮೇಲೆ ಇಟ್ಬುಡಿ" ಎಂದರು.

ಚೀಲ ಎಂಬ ಮಾತು ಕೇಳಿ ನನಗೆ ಮೈ ಉರಿದುಹೋಯಿತು. "ಚೀಲದಲ್ಲಿಡೋಕೆ ಅದೇನು ಸೋಪಾ? ನಮ್ಮವ್ವ ಕೈಲಿ ಅಂದವಳೆ, ಕೈಲೇ ಇಡ್ಬೇಕು" ಎಂದು ಕೂಗಿದೆ. ಗುಂಡಿಗಿಳಿದು ಅವಳ ಎಡಗೈಯಲ್ಲಿ ಎರಡನ್ನೂ ಇಟ್ಟೆ. ಎರಡೂ ಕರಿಯವು, ಎರಡೂ ಒಂದೇ ಗಾತ್ರ. ಸೆಟೆದ ಬೆರಳುಗಳು ಮಡಚಲಿಲ್ಲ. ಹತ್ತಿ ಬಂದೆ.

ವಿಭೂತಿ ಸುರಿದರು, ಬಿಲ್ವಪತ್ರೆ ಹಾಕಿದರು. ಮೊದಲ ಮಣ್ಣು ನನ್ನದು. ಒಂದು ಹಿಡಿ ಹಾಕಿ ಅವ್ವಾ ಎಂದೆ. ಇನ್ನೊಂದು ಹಿಡಿ ತುಂಬಿಕೊಂಡು, "ತಗೋ ಅಮರೇಶ, ನಿನ್ನ ಪಾಲು" ಎಂದು ಹಾಕಿದೆ. ಆ ಮಣ್ಣು ಬಿದ್ದ ಪೆಟ್ಟಿಗೆ ಅವ್ವನ ಅಂಗೈ ವಾಲಿತು. ಒಂದು ಲಿಂಗ ಉರುಳಿ, ಅವಳ ಕಾಲಿನ ಸಂದಿಯಲ್ಲಿ ವಿಭೂತಿಯೊಳಗೆ ಎಲ್ಲೋ ಇಳಿದುಹೋಯಿತು. "ನಿಲ್ಸಿ, ನಿಲ್ಸಿ!" ಎಂದು ಕಿರುಚಿದೆ. ಅಷ್ಟರಲ್ಲಿ ಸುತ್ತ ನಿಂತವರೆಲ್ಲ ಒಟ್ಟಿಗೆ ಮಣ್ಣು ತಳ್ಳಿಯಾಗಿತ್ತು. ಬಿದ್ದ ಮಣ್ಣನ್ನು ಮತ್ತೆ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ.

ಕೈಯಲ್ಲಿ ಉಳಿದದ್ದು ಅವಳದೋ, ಅವನದೋ, ನನಗೆ ಗೊತ್ತಿಲ್ಲ.